ಗೋದಾವರಿಬಾಯಿಯ ಚುಕ್ಕಿಗಳು

ಅಂಕೋಲಾ, ೨೧ ನವೆಂಬರ್ ೨೦೨೪, ಗುರುವಾರ

ಇವತ್ತು ನಾನು ಮಾಡಿದ್ದನ್ನು ಹೆಂಡತಿಗೂ ಹೇಳಲಾಗಲಿಲ್ಲ.

ನಮ್ಮ ಸಂಘದ ಕೊಂಕಣಿ ಕಥಾಸ್ಪರ್ಧೆಗೆ ಚಿತ್ತಾಕುಲದ ಗೋದಾವರಿಬಾಯಿ ಬ್ರೈಲ್‌ನಲ್ಲಿ ಕಥೆ ಬರೆದು ಕಳಿಸಿದ್ದರು. ಹುಟ್ಟಿನಿಂದ ಕಣ್ಣು ಕಾಣದವರು. ಲಿಪಿ ದೇವನಾಗರಿಯೋ ಕನ್ನಡವೋ ಎಂದು ನಮೂದಿಸಿಲ್ಲವೆಂದು ನಾನೇ ತಿರಸ್ಕರಿಸಿದ್ದೆ. ಇಂದು ಮಗಳ ಕೈಹಿಡಿದು ಮನೆಗೇ ಬಂದರು.

ಸಿಟ್ಟೇನೂ ಇರಲಿಲ್ಲ. ಚೀಲದಿಂದ ಬ್ರೈಲ್ ಪುಸ್ತಕವೊಂದನ್ನು ತೆಗೆದು, ನನ್ನ ಬೆರಳನ್ನು ಅದರ ಮೇಲಿಟ್ಟರು. ಮೇಲೊಂದು ಚುಕ್ಕಿ, ನಡುವೆ ಜಾಗ ಬಿಟ್ಟು ಕೆಳಗೊಂದು.

"ಇದು ಕ, ಮಾಸ್ತರ್ರೇ. ಕನ್ನಡಕ್ಕೂ ಇದೇ, ಕೊಂಕಣಿಗೂ ಇದೇ, ಇಂಗ್ಲಿಷಿನ ಕೆಗೂ ಇದೇಯ. ನಾ ಯಾವ ಲಿಪಿ ಹೇಳಿ ಬರೀಲಿ?"

ಕೊಂಕಣಿಗೆ ಯಾವ ಲಿಪಿ ಎಂಬ ಜಗಳದಲ್ಲಿ ನಲವತ್ತು ವರ್ಷ ಭಾಷಣ ಮಾಡಿದವನು ಪೆನ್ನು ಕೈಗೆತ್ತಿಕೊಂಡೆ. ನೀವು ಓದಿ, ನಾನು ಬರೆದುಕೊಳ್ಳುತ್ತೇನೆ ಎಂದು ಒಳಗಿನಿಂದ ಅವರ ಕಥೆಯನ್ನು ತಂದುಕೊಟ್ಟೆ.

ಎರಡನೇ ಹಾಳೆಯಲ್ಲಿ ಅವರ ಬೆರಳು ನಿಂತಿತು. ಹಿಂದೆ ಹೋಯಿತು, ಮತ್ತೆ ಮುಂದೆ ಬಂತು.

"ಚುಕ್ಕಿ ಎಲ್ಲಾ ಸಪಾಟಾಗ್ಯದೆ. ಬಸ್ಸಲ್ಲಿ ಕಳ್ಸಿದ್ದೆ, ಯಾರಾದ್ರೂ ಮೇಲೆ ಕೂತ್ರೇನೋ."

ಬೇರೆ ಪ್ರತಿ ಇಲ್ಲವಂತೆ. ತೀರಿಕೊಂಡ ತಾಯಿಯ ಮಾತುಗಳನ್ನು ಮರೆಯುವ ಮೊದಲು ಬರೆದಿಟ್ಟದ್ದಂತೆ.

ಗಾಳಿಗೆ ಹಾರದಿರಲೆಂದು ಆ ಹಾಳೆಗಳ ಮೇಲೆ ತಿಂಗಳಿಡೀ ದಪ್ಪ ನಿಘಂಟುಗಳನ್ನು ಪೇರಿಸಿಟ್ಟವನು ನಾನು. ಹೇಳಲು ಬಾಯಿ ತೆರೆದೆ. "ಇರಬಹುದು" ಎಂದೆ.

"ನಿಮಗೂ ತ್ರಾಸು ಕೊಟ್ಟೆ" ಎಂದು ಅವರು ಕೈಮುಗಿದರು. ಕೈಮುಗಿದದ್ದು ನನಗೆ.

ನಾಳೆ ಚಿತ್ತಾಕುಲಕ್ಕೆ ಹೋಗಿ ಹೇಳಲೇಬೇಕು. ಮೊದಲ ಮಾತು ಯಾವುದೆಂದು ಆಗಿನಿಂದ ಹುಡುಕುತ್ತಿದ್ದೇನೆ.