ಸುಟ್ಟ ಪತ್ರದ ನಕಲು

ಸ್ಟ್ರಾಸ್‌ಬರ್ಗ್, ನವೆಂಬರ್ 14, 1541, ಸೋಮವಾರ

ಆ ಪತ್ರದ ಚಿಂತೆ ತಲೆಯಿಂದ ಹೋಗುತ್ತಿಲ್ಲ. ಪ್ಲೇಗಿನಲ್ಲಿ ಮಗಳು ಆಗ್ನೆಸ್ ತೀರಿಕೊಂಡ ವಾರ, ತನಗೆ ಪ್ರಾರ್ಥನೆಯೇ ಬರುತ್ತಿಲ್ಲವೆಂದು ಇವರು ಬಾಸೆಲ್‌ನ ಗೆಳೆಯನಿಗೆ ಬರೆದಿದ್ದರು. ಸುದ್ದಿ ಈಗ ನಗರಸಭೆಯ ಕಿವಿಗೆ ಬಿದ್ದಿದೆ. ಪತ್ರ ಸಿಕ್ಕರೆ, ಪೋಪನನ್ನು ತೊರೆದ ನಮ್ಮನ್ನು ಹಳಿಯಲು ಅವನ ಕಡೆಯವರಿಗೆ ಹಬ್ಬ, ಇವರ ಪಾದ್ರಿ ಕೆಲಸಕ್ಕೆ ಕುತ್ತು.

“ಯಾಕೆ ಹೆದರ್ತೀಯಾ ಓಟಿಲಿ? ಬಾಸೆಲ್‌ನವನು ಓದಿದ ಕೂಡಲೇ ಸುಟ್ಟುಬಿಟ್ಟ. ಆ ಕಾಗದ ಎಲ್ಲೂ ಇಲ್ಲ ಅಂತ ನಾಳೆ ಸಭೇಲಿ ಆಣೆ ಮಾಡ್ತೀನಿ,” ಅಂದರು.

“ಮಾಡುವಿರಂತೆ, ಮೊದಲು ಸೂಪು ಕುಡೀರಿ,” ಅಂದೆ.

ದಾರಿಯಲ್ಲಿ ಕಳೆದುಹೋದೀತೆಂದು ಇವರ ಪತ್ರಗಳನ್ನೆಲ್ಲ ನಕಲು ಮಾಡಿಡುವವಳು ನಾನೇ. ಅಭ್ಯಾಸಬಲದಿಂದ ಅದನ್ನೂ ಮಾಡಿಟ್ಟಿದ್ದೆ. ಇವರಿಗೆ ಗೊತ್ತಿಲ್ಲ.

ಇವರ ಆಣೆ ಸುಳ್ಳಾಗಬಾರದು, ಬೆಳಗಾಗುವುದರೊಳಗೆ ಈ ನಕಲನ್ನು ಸುಡಬೇಕು. ಒಲೆಯಲ್ಲಿ ಕೆಂಡ ಇನ್ನೂ ಇದೆ. ಆದರೆ ಮಗಳಿಗಾಗಿ ಇವರು ಅತ್ತದ್ದನ್ನು ನಾನು ಕಂಡದ್ದು ಈ ಹಾಳೆಯಲ್ಲಿ ಮಾತ್ರ.