ಏಟು ಬಿದ್ದರೆ ಕೈ ಬಿಡು

ಮಾರ್ಚ್ 3, ಬೆಳಿಗ್ಗೆ 8
ಇವತ್ತೂ ಸೊಳ್ಳೆಯ ಜೊತೆ ಹಾರಾಟ. ಹಾರಿಸಲು ಕಲಿಯಲು ಬಂದ ನಲವತ್ತಾರು ಕಿಲೋ ಹುಡುಗಿಗೆ ಇನ್ನೇನು ಹೆಸರಿಡಲಿ! ಇಳಿಯುವಾಗ ವಿಮಾನವನ್ನು ನಾನು ಕೈಗೆ ತೆಗೆದುಕೊಂಡರೂ ಇವಳು ವಿಮಾನ ನಡೆಸುವ ಸ್ಟಿಕ್ ಬಿಡಲಿಲ್ಲ. ಎಳೆದಾಟದಲ್ಲಿ ವಿಮಾನ ಕುಪ್ಪಳಿಸಿತು. ಸ್ಟೀಲ್ ಸ್ಕೇಲಿನಲ್ಲಿ ಬೆರಳ ಗಂಟಿಗೆ ಒಂದು ಬಿಟ್ಟೆ.
"ಏಟು ಬಿದ್ರೆ ಏನ್ ಮಾಡ್ಬೇಕು?"
"ಕೈ ಬಿಡ್ಬೇಕು ಸಾರ್. 'ಯು ಹ್ಯಾವ್ ಕಂಟ್ರೋಲ್' ಅಂದು, ಕೈ ಮಡಿಲಲ್ಲಿಟ್ಟು ಕೂರ್ಬೇಕು."
ಇನ್ನು ವಿಮಾನ ನಿಮ್ಮ ಕೈಯಲ್ಲಿ ಎಂದರ್ಥ. ಬಾಯಿಪಾಠ ಚೆನ್ನಾಗಿದೆ. ಕೈಗೆ ಬುದ್ಧಿ ಬರಬೇಕಷ್ಟೆ. ದಂಡಂ ದಶಗುಣಂ.

ಮಾರ್ಚ್ 5
ಏಳು ಏಟು.
ಮುದಿ ಮೆಕ್ಯಾನಿಕ್ ಬಂದ. "ಮಗು ಕೈ ಊದಿದೆ ಸಾರ್. ಬಾಯಲ್ಲಿ ಹೇಳಿದ್ರೆ ಸಾಲ್ದಾ?"
"ನೀನು ನಟ್ಟು ಬೋಲ್ಟು ನೋಡ್ಕೋ" ಅಂದೆ.

ಮಾರ್ಚ್ 19
ಭೇಷ್! ಸ್ಕೇಲ್ ತಾಗಿತೋ ಇಲ್ಲವೋ, ಕೈ ಮಡಿಲಲ್ಲಿ. "ಯು ಹ್ಯಾವ್ ಕಂಟ್ರೋಲ್, ಸಾರ್." ರೆಪ್ಪೆ ಕೂಡ ಬಡಿಯಲಿಲ್ಲ. ನಾಳೆ ಒಬ್ಬಳೇ ಹಾರಲಿ.

ಮಾರ್ಚ್ 20
ಎಂಜಿನ್ ಓಡುತ್ತಿರುವಾಗಲೇ ನಾನು ಇಳಿದೆ. ಇಳಿದವನು ತನ್ನ ಸೀಟಿನ ಬೆಲ್ಟ್ ಬಿಗಿದು ಹಾಕಬೇಕು, ಇಲ್ಲದಿದ್ದರೆ ಅದರ ಲೋಹದ ಬಕಲ್ ಹಾರಾಡಿ ಪಕ್ಕದವರ ಕೈಗೆ ಬಡಿಯುತ್ತದೆ. ಹಾಕಲಿಲ್ಲ. ಮೊದಲ ಸೋಲೋ ಮುಗಿಸಿದವಳ ತಲೆಗೆ ಸುರಿಯಲು ಹುಡುಗರು ಬಕೆಟ್ ನೀರು ತಂದು ನಿಂತಿದ್ದರು. ಅವರ ಮುಂದೆ ಜಂಬ ಕೊಚ್ಚುವ ಅವಸರ ನನಗೆ.
ಟವರ್ ಹತ್ತಿದೆ. ಕೊನೆಯ ತಿರುವು. ಬಿಸಿಗಾಳಿ ವಿಮಾನವನ್ನು ಎತ್ತಿ ಕುಕ್ಕಿತು. ರೇಡಿಯೋದಲ್ಲಿ ಇಳಿಯಲು ಅನುಮತಿ ಕೇಳುತ್ತಿದ್ದಳು. ನಡುವೆ ಲೋಹ ಬಡಿದಂತೆ ಟಣ್ ಎಂದಿತು. ಆಮೇಲೆ ಅವಳ ದನಿ, ಸಮಾಧಾನವಾಗಿ:
"ಯು ಹ್ಯಾವ್ ಕಂಟ್ರೋಲ್, ಸಾರ್."
ಪಕ್ಕದ ಸೀಟು ಖಾಲಿ.
"ಸ್ಟಿಕ್ ಹಿಡಿಯೇ! ಹಿಡಿಯೇ!" ಎಂದು ಕಿರುಚಿದೆ. ಮಡಿಲಿಗೆ ಹೋದ ಅವಳ ಎಡಗೈ ಕೈಮೈಕಿನ ಗುಂಡಿಯನ್ನು ಒತ್ತಿಯೇ ಇತ್ತು. ಒತ್ತಿರುವಷ್ಟು ಹೊತ್ತು ಅವಳಿಗೇನೂ ಕೇಳಿಸದು. ವಿಮಾನ ಮೂಗು ಕೆಳಗಾಗಿ ನೆಲಕ್ಕೆ ಬಿತ್ತು.
ನೀರಿನ ಬಕೆಟ್ ಅಲ್ಲೇ ಇತ್ತು. ಸಂಜೆ ಯಾರೋ ಗಿಡಕ್ಕೆ ಹಾಕಿದರು.

ಏಪ್ರಿಲ್ 9
ವಿಚಾರಣೆ. ಖಾಲಿ ಸೀಟಿನ ಬೆಲ್ಟ್ ಯಾಕೆ ಬಿಚ್ಚಿತ್ತು?
"ನಾನು ಹಾಕಿದ್ದೆ. ಅವಳೇ ಬಿಚ್ಚಿರಬೇಕು."
ಆ ಮಾತು ಯಾಕೆ ಆಡಿದಳು?
"ಗಾಬರಿಗೆ ಬಡಬಡಿಸಿದ್ದಾಳೆ."
ಮೆಕ್ಯಾನಿಕ್ ನನ್ನನ್ನೇ ನೋಡಿದ. ಅವನ ನಿವೃತ್ತಿಗೆ ಎಂಟು ತಿಂಗಳಿದೆ. ಸ್ಕೇಲಿನ ವಿಷಯ ಯಾರೂ ಎತ್ತಲಿಲ್ಲ.

ಮೇ 2
ವರದಿ ಬಂತು: ವಿದ್ಯಾರ್ಥಿಯ ತಪ್ಪು. ಲೈಸೆನ್ಸ್ ಉಳಿಯಿತು. ಬದುಕಿದೆಯಾ ಬಡಜೀವವೇ!

ಮೇ 4
ಅವಳಪ್ಪ ಬಂದಿದ್ದ, ಟೈಲರ್. ಲಾಕರಿನಲ್ಲಿದ್ದ ಮಗಳ ಸಾಮಾನು ಒಯ್ಯಲು. ಕುರ್ಚಿಯ ತುದಿಯಲ್ಲಿ ಕೂತ.
"ಸಾರ್, ಒಂದು ತಪ್ಪು ಒಪ್ಕೋಬೇಕು. ಕೈ ಬೇಗ ಬಿಡಕ್ಕೆ ಬರ್ತಿಲ್ಲ, ಸಾರ್ ಬೈತಾರೆ ಅಂತ ಅಳ್ತಿದ್ಲು. ಊಟಕ್ಕೆ ಕೂತಾಗೆಲ್ಲ ಬಟ್ಟೆ ಅಳೆಯೋ ಪಟ್ಟೀಲಿ ಕೈಗೆ ಹೊಡೀತಿದ್ದೆ. 'ಇನ್ನೊಂದು ಹೊಡಿ ಅಪ್ಪ' ಅಂತ ಅವಳೇ ಕೇಳ್ತಿದ್ಲು. ತುತ್ತು ಎತ್ತೋ ಕೈ ಸಾರ್... ಅದ್ರಿಂದ ಏನಾದ್ರೂ ಹೀಗಾಯ್ತಾ?"
ಇಲ್ಲ ಎನ್ನಬಹುದಿತ್ತು. ಇಲ್ಲ ಎಂದರೆ, ಮತ್ತೆ ಯಾಕೆ ಎನ್ನುತ್ತಾನೆ.
"ಇರಬಹುದು" ಅಂದೆ.
ಅಳಲಿಲ್ಲ. ಎರಡೂ ಕೈ ಮಡಿಲಲ್ಲಿಟ್ಟು ಕೂತ. ನೋಡಲಾಗಲಿಲ್ಲ ನನಗೆ. ಮೇಜಿನ ಮೇಲಿದ್ದ ಸ್ಕೇಲನ್ನು ಡ್ರಾಯರಿಗೆ ಹಾಕೋಣವೆಂದು ಎತ್ತಿದೆ. ಆತ ಬಲಗೈ ಚಾಚಿ ಮೇಜಿನ ಮೇಲಿಟ್ಟ.
"ಹೊಡೀರಿ ಸಾರ್."
ನಾನು —