ಹಂಪಯ್ಯನ ಹೊಂಡಕ್ಕೆ ಬಿಟ್ಟ ನೀರು

ಆಗಸ್ಟ್ 6, ಬೆಳಿಗ್ಗೆ

ಅಂಗನವಾಡಿ ಕೆಲಸಕ್ಕೆ ಹೋಗುವ ಮೊದಲು ಗದ್ದೆಗೆ ಹೋಗಿ ಬಂದೆ. ನಾಟಿಯಾಗಿ ನಾಲ್ಕು ದಿನ. ಕಳೆ ಔಷಧಿ ಮರಳಿಗೆ ಕಲಸಿ ಎರಚಿದ್ದಾಯ್ತು. ಗದ್ದೆಯ ಕೆಳಗೇ ತಮ್ಮ ಹಂಪಯ್ಯನ ಮೀನಿನ ಹೊಂಡ. ಜೂನ್‌ನಲ್ಲಿ ಮರಿಗಳನ್ನು ನನ್ನ ಕೈಯಿಂದಲೇ ಬಿಡಿಸಿದ್ದ — ನನ್ನ ಕೈಗುಣ ಒಳ್ಳೆಯದಂತೆ! ಕಲ್ಲು ಕ್ರಷರ್‌ನಲ್ಲಿ ಬಲಗೈ ಹೋದ ಮೇಲೆ ಅವನಿಗಿರುವುದು ಈ ಹೊಂಡ ಒಂದೇ.

ಆಗಸ್ಟ್ 7

ಕಾಲುವೆ ನೀರಿನ ಸರದಿ ತಪ್ಪಿತು. ಹೊಂಡದ ತಳ ಕಾಣುತ್ತಿದೆ. ಹಂಪಯ್ಯ ಸಂಡೂರಿಗೆ ಹೋಗಿದ್ದಾನೆ. ಬದು ಕಡಿದು ಗದ್ದೆ ನೀರು ಬಿಟ್ಟೆ. ಸಾರವಿರುವ ನೀರು, ಮೀನು ಬೇಗ ಬಲಿಯುತ್ತವೆ. ಅಪ್ಪನೂ ಹೀಗೇ ಮಾಡುತ್ತಿದ್ದ.

ಫೋನಿನಲ್ಲಿ "ಹೊಂಡ ತುಂಬೈತಿ" ಅಂದೆ. ಕಾಲುವೆ ನೀರೇ ಬಂತು ಅಂದುಕೊಂಡ. ನಾನೂ ಬಿಡಿಸಿ ಹೇಳಲಿಲ್ಲ.

"ನೀ ಇದ್ದೀ ಅಂತ ಧೈರ್ಯ ಅಕ್ಕ."

ಹಿಗ್ಗಿಹೋದೆ.

ಆಗಸ್ಟ್ 29

ಮೀನಿನ ಮೈತುಂಬ ಕೆಂಪು ಹುಣ್ಣು. ರೆಕ್ಕೆ ಕೊಳೆತಿವೆ. ಇವತ್ತು ಒಂದು ಬುಟ್ಟಿ ಸತ್ತವು. ಹಂಪಯ್ಯ ಎಡಗೈಯಲ್ಲೇ ಒಂದೊಂದಾಗಿ ಆಯುತ್ತಿದ್ದ. "ಯಾರ ಕಣ್ಣು ಬಿತ್ತೋ ಏನೋ..."

ಸೆಪ್ಟೆಂಬರ್ 3

ಹೊಸಪೇಟೆ. ಐಸ್ ಬಾಕ್ಸಿನಲ್ಲಿ ಮೀನು ಒಯ್ದೆವು. ಮೀನಿನ ಡಾಕ್ಟರ್ ಚಂದ್ರಕಲಾ ಮೇಡಂ ಕಿವಿರು ಬಿಡಿಸಿ ನೋಡಿದರು.

"ಈ ರೋಗದ ಹುಳ ನೀರಾಗ ಯಾವಾಗ್ಲೂ ಇರ್ತಾವ್ರಿ. ಗಟ್ಟಿ ಮೀನು ತಡಕೊಂತಾವ. ಕಳೆ ಔಷಧಿ ಸೇರಿದ್ರ ಆ ಶಕ್ತಿನೇ ಕುಗ್ತೈತಿ. ಆಗಿಂದಾಗ ಸಾಯಂಗಿಲ್ಲ, ಅದಕ್ಕ ಗೊತ್ತಾಗಂಗಿಲ್ಲ. ಗದ್ದೆ ನೀರೇನಾರ ಬಿಟ್ಟಿದ್ರೇನು?"

ಹಂಪಯ್ಯನೇ ಉತ್ತರ ಕೊಟ್ಟ. "ಇಲ್ರಿ ಮೇಡಂ. ನಾ ಇಲ್ಲದಾಗ ನಮ್ಮಕ್ಕನೇ ನೋಡ್ಕೊಂಡಾಳ."

ಐಸ್ ಬಾಕ್ಸಿನ ಮುಚ್ಚಳ ನೋಡುತ್ತ ಕೂತೆ.

ಸೆಪ್ಟೆಂಬರ್ 4

ಅಪ್ಪನ ಕಾಲದಲ್ಲಿ ಕಳೆ ಕೈಯಲ್ಲಿ ಕೀಳುತ್ತಿದ್ದರು. ಔಷಧಿ ಎಲ್ಲಿತ್ತು? ನೀರು ಬಿಡುವ ಹಿಂದಿನ ದಿನವಷ್ಟೇ ಅದನ್ನು ಎರಚಿದವಳು ನಾನು, ನನಗೇ ಹೊಳೆಯಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ನಾಳೆ ಹೇಳಿಬಿಡಬೇಕು.

ಅಕ್ಟೋಬರ್ 12

ಹೇಳಲಿಲ್ಲ.

ಹೊಂಡ ಪೂರ್ತಿ ಬರಿದಾಯ್ತು. ಒಣಗಿಸಿ ಸುಣ್ಣ ಹಾಕಿದ್ದಾನೆ. ನನಗೇ ಸಮಾಧಾನ ಹೇಳುತ್ತಾನೆ — "ಅಳಬ್ಯಾಡ ಅಕ್ಕ, ನೀನೇನ್ ಮಾಡ್ತಿ?"

ಅಕ್ಟೋಬರ್ 26, ಬೆಳಿಗ್ಗೆ 7

ನಿನ್ನೆ ಹೊಂಡಕ್ಕೆ ಕಾಲುವೆ ನೀರು ಬಂತು. ಇವತ್ತು ಹಂಪಯ್ಯ ಬಾಗಿಲಲ್ಲಿ ನಿಂತಿದ್ದಾನೆ. ಎಡಗೈಯಲ್ಲಿ ಮರಿಗಳ ಬಕೆಟ್. ಎರಡು ತಿಂಗಳ ಮೇಲೆ ಮುಖದಲ್ಲಿ ನಗು.

"ಜಲ್ದಿ ಬಾ ಅಕ್ಕ. ಈ ಸಲಾನೂ ನಿನ್ನ ಕೈಲೇ ಬಿಡು."

ಬಂದೆ ಅಂದೆ. ಒಳಗೆ ಬಂದು ಇದನ್ನು ಬರೆಯುತ್ತ ಕೂತಿದ್ದೇನೆ. ಮತ್ತೆ ಕೂಗಿದ. ಮೊದಲು ಹೇಳಬೇಕು, ಆಮೇಲೆ ಬಕೆಟ್ ಮುಟ್ಟಬೇಕು. ಹೀಗೆ ಶುರು ಮಾಡಬೇಕು: ಹಂಪಯ್ಯಾ, ಅವತ್ತು ಆ ನೀರು—